ಎರಡು ಗಾಡಿಗಳ ಎಂಜಿನ್

ಮುಳ್ಳು ಮೇಲೇರುತ್ತಿರುವುದನ್ನು ಸರ್ವೇಯರು ಇಪ್ಪತ್ತು ನಿಮಿಷದಿಂದ ನೋಡುತ್ತಲೇ ಇದ್ದರು. ಎಂಜಿನ್ನಿನ ಬಿಸಿ ತೋರಿಸುವ ಆ ಮುಳ್ಳು ಮೊದಲು ನಡುವಿನ ಗೆರೆ ದಾಟಿತು, ಆಮೇಲೆ ಕೆಂಪು ಪಟ್ಟಿಯ ಅಂಚಿಗೆ ಬಂತು. ಏರು ಮುಗಿಯಲು ಇನ್ನು ಎರಡೇ ತಿರುವು, ಮೇಲೆ ಹೋಗಿ ನಿಲ್ಲಿಸಿದರಾಯಿತು ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಪಕ್ಕದ ಸೀಟಿನಲ್ಲಿ ಅವರ ಹೆಂಡತಿ ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದರು. ಎರಡನೆಯ ತಿರುವು ಬರಲೇ ಇಲ್ಲ. ಕಾಲಬುಡದಲ್ಲಿ ಏನೋ ಫಟ್ಟೆಂದು ಒಡೆಯಿತು, ಮುಂದಿನ ಗಾಜಿನ ತುಂಬ ಬಿಳಿ ಹಬೆ ಕವಿಯಿತು, ಗಾಡಿ ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಬಟಾಣಿ ಕಾಳು ಗಾಡಿಯ ಉದ್ದಕ್ಕೂ ಉರುಳಿಕೊಂಡು ಹೋದವು.

ಅದು ಹಿಂದೆ ಯಾವುದೋ ಕಾರ್ಖಾನೆಯ ಕೆಲಸಗಾರರನ್ನು ಕರೆದೊಯ್ಯುತ್ತಿದ್ದ ಇಪ್ಪತ್ತನಾಲ್ಕು ಸೀಟಿನ ಮಿನಿಬಸ್ಸು. ಸರ್ವೇಯರು ನಿವೃತ್ತರಾದ ವರ್ಷ ಅದನ್ನು ಹರಾಜಿನಲ್ಲಿ ಕೊಂಡು, ಸೀಟುಗಳನ್ನೆಲ್ಲ ಕೀಳಿಸಿ, ಒಳಗೆ ಮಂಚ, ಅಡುಗೆಕಟ್ಟೆ, ಮಡಚುವ ಮೇಜು, ನೀರಿನ ಟ್ಯಾಂಕು, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದಂಥ ಬಚ್ಚಲು ಮಾಡಿಸಿದ್ದರು. ಬೀದಿಯವರು ಅದಕ್ಕೆ ಬಸವನಹುಳು ಎಂದು ಹೆಸರಿಟ್ಟಿದ್ದರು. ಅವರ ಹೆಂಡತಿ ಮಾತ್ರ ಸವತಿ ಎನ್ನುತ್ತಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ಎಲ್ಲರ ಬಾಯಲ್ಲೂ ನರ್ಸಮ್ಮ ಎಂದೇ ಉಳಿದ ಹೆಂಗಸು ಅವರು. ಗಂಡ ಸವತಿಯ ಮೈ ಒರೆಸುವ ಅರ್ಧದಷ್ಟು ಹೊತ್ತು ತನ್ನ ಮುಖ ನೋಡಿದ್ದರೆ ಸಾಕಿತ್ತು ಎಂದು ಬಂದವರೆದುರು ನಗುತ್ತ ಹೇಳುತ್ತಿದ್ದರು. ಆದರೂ ಪ್ರಯಾಣ ಎಂದರೆ ಮೊದಲು ಚೀಲ ತುಂಬುತ್ತಿದ್ದವರು ಅವರೇ.

ಆ ಮಧ್ಯಾಹ್ನ ಇಬ್ಬರೂ ರಸ್ತೆ ಬದಿಯಲ್ಲಿ, ಗಾಡಿಯ ನೆರಳಲ್ಲಿ, ಎರಡು ಗಂಟೆ ಕೂತರು. ಊರಿಂದ ಒಂಬೈನೂರು ಕಿಲೋಮೀಟರ್ ದೂರ. ಕಣ್ಣು ಹಾಯಿಸಿದಷ್ಟೂ ಕುರುಚಲು ಗಿಡ, ಕಲ್ಲು, ಬಿಸಿಲು. ಕೊನೆಗೆ ಜಲ್ಲಿ ಇಳಿಸಿ ವಾಪಸು ಹೋಗುತ್ತಿದ್ದ ಲಾರಿಯವನೊಬ್ಬ ನಿಲ್ಲಿಸಿ, ಸರಪಳಿ ತೆಗೆದು ಗಾಡಿಯ ಮೂತಿಗೆ ಕಟ್ಟಿ, ಹದಿನೆಂಟು ಕಿಲೋಮೀಟರ್ ಎಳೆದುಕೊಂಡು ಹೋಗಿ ಒಂದು ಗ್ಯಾರೇಜಿನ ಮುಂದೆ ಬಿಟ್ಟ. ಇಲ್ಲಿ ಆಗದಿದ್ದರೆ ಇನ್ನೆಲ್ಲೂ ಆಗುವುದಿಲ್ಲ ಎಂದಷ್ಟೇ ಹೇಳಿ, ಕೊಟ್ಟ ಚಹಾ ಕುಡಿದು ಹೊರಟುಹೋದ.

ತಗಡಿನ ಮಾಡಿನ ಗ್ಯಾರೇಜು. ಒಳಗೆ ನೆಲ ಎಣ್ಣೆ ಕುಡಿದು ಕಪ್ಪಾಗಿತ್ತು. ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದು, ಅದರದರ ಜಾಗದಲ್ಲಿ ಅದನ್ನು ತೂಗುಹಾಕಿದ್ದರು. ಎದುರಿಗೆ ಲಾರಿ ತೂಗುವ ಕಾಟಾ ಇತ್ತು. ಅಲ್ಲಿಯ ಗುಮಾಸ್ತ ದಿನವಿಡೀ ಧ್ವನಿವರ್ಧಕದಲ್ಲಿ ಲಾರಿಗಳ ನಂಬರು ಕೂಗುತ್ತಿದ್ದ. ಗ್ಯಾರೇಜು ನಡೆಸುತ್ತಿದ್ದವಳು ನಲವತ್ತೈದರ ಆಸುಪಾಸಿನ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಅಪ್ಪನಿಂದ ಕೆಲಸ ಕಲಿತು, ಅಪ್ಪ ಕೂತಲ್ಲೇ ಕೂರುವಂತಾದ ಮೇಲೆ ತಾನೇ ನಡೆಸುತ್ತಿದ್ದೇನೆ ಎಂದಳು. ಎಲ್ಲರೂ ಅವಳನ್ನು ಯಜಮಾನಿ ಎನ್ನುತ್ತಿದ್ದರು. ಅವಳು ಬಾನೆಟ್ ಎತ್ತಿ ನೋಡಿ, ಮೂಗಿನಿಂದ ವಾಸನೆ ಹಿಡಿದು, ಎಣ್ಣೆಯ ಕಡ್ಡಿ ಎಳೆದು ಬೆಳಕಿಗೆ ಹಿಡಿದಳು. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಪೈಪು ಮೊದಲೇ ಸೀಳಿ ನೀರು ಸೋರುತ್ತ ಬಂದು ಕೊನೆಗೆ ಒಡೆದಿದೆ, ನೀರಿಲ್ಲದೆ ಓಡಿಸಿದ್ದಕ್ಕೆ ಎಂಜಿನ್ನಿನ ಎರಡು ಭಾಗದ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ, ಮೇಲಿನ ಭಾಗವಾದ ಹೆಡ್ಡು ಬಿಚ್ಚದೆ ಬೇರೆ ದಾರಿಯಿಲ್ಲ ಎಂದಳು. ಎಷ್ಟು ಹೊತ್ತು ಕೆಂಪಿನಲ್ಲಿ ಓಡಿಸಿದಿರಿ ಎಂದು ಕೇಳಿದಾಗ, ಐದು ನಿಮಿಷ ಇರಬಹುದು ಎಂದರು ಸರ್ವೇಯರು. ಅವಳು ಅವರ ಮುಖವನ್ನೊಮ್ಮೆ ನೋಡಿ ಸ್ಪ್ಯಾನರು ತರಲು ಒಳಗೆ ಹೋದಳು.

ಗಂಡಹೆಂಡತಿ ಗ್ಯಾರೇಜಿನ ಅಂಗಳದಲ್ಲಿ, ಮೂತಿ ಬಿಚ್ಚಿದ ಗಾಡಿಯೊಳಗೇ ಸಂಸಾರ ಮುಂದುವರಿಸಿದರು. ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಯಜಮಾನಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲು ತಟ್ಟಿದಳು. ಬೆಂಚಿನ ಮೇಲೆ ಹೆಡ್ಡನ್ನು ಮಗುಚಿ ಇಟ್ಟಿದ್ದಳು. ಪಕ್ಕದಲ್ಲಿ ಅವಳು ತರಿಸಿದ ಹೊಸ ಗ್ಯಾಸ್ಕೆಟ್ಟು, ಅದರ ಪಕ್ಕ ಹಳೆಯದು. ಹೊಸದು ಕಪ್ಪು, ತೆಳ್ಳಗಿನದು. ಹಳೆಯದು ತಾಮ್ರದ್ದು, ಎರಡರಷ್ಟು ದಪ್ಪ, ಒಂದು ಕಡೆ ಸುಟ್ಟು ತೂತಾಗಿತ್ತು.

"ಇದು ಒಂದು ಗಾಡಿಯ ಎಂಜಿನ್ ಅಲ್ಲ ಸರ್," ಎಂದಳು ಅವಳು. "ಕೆಳಗಿನದು ಲಾರೀದು, ಹೆಡ್ಡು ಇನ್ಯಾವುದರದ್ದೋ. ಕೂರಿಸೋದಕ್ಕೆ ಅಂತ ಹೆಡ್ಡನ್ನ ಉಜ್ಜಿ ತೆಳ್ಳಗೆ ಮಾಡಿದಾರೆ. ಅಂಗಡೀಲಿ ಸಿಗೋ ಗ್ಯಾಸ್ಕೆಟ್ ಹಾಕಿ ಸ್ಟಾರ್ಟ್ ಮಾಡಿದ್ರೆ ಮೊದಲನೇ ಸುತ್ತಿಗೇ ಎಲ್ಲ ಒಂದಕ್ಕೊಂದು ಹೊಡ್ಕೊಂಡು ಪುಡಿ ಆಗ್ತಿತ್ತು. ನಾನು ಅಳತೆ ನೋಡ್ದೇ ಹಾಕೋವ್ಳಿದ್ದೆ. ಯಾಕೋ ಕೈ ತಡೀತು." ಅವಳು ಹೆಡ್ಡಿನ ಅಂಚಿನಲ್ಲಿ ಉಳಿಯಿಂದ ಕೊರೆದ ಅಳತೆಯ ಎರಡು ಅಂಕಿಗಳ ಮೇಲೆ ಬೆರಳಾಡಿಸಿದಳು. "ಮಾಡಿದೋರು ಗೊತ್ತಿರೋರು. ಚೆನ್ನಾಗಿ ಮಾಡಿದಾರೆ. ಆದ್ರೆ ಅವರನ್ನ ಕೇಳ್ದೆ ನಾನು ಇದನ್ನ ಮುಟ್ಟೋಲ್ಲ. ಯಾರು ಮಾಡಿದ್ದು?"

ಸರ್ವೇಯರು ಕಾಟಾದ ಕಡೆ ನೋಡುತ್ತ ನಿಂತರು. ಉತ್ತರ ಕೊಟ್ಟವರು ನರ್ಸಮ್ಮ.

"ನನ್ನ ಮೈದುನ," ಎಂದರು. "ಇವರ ತಮ್ಮ."

ಅಣ್ಣತಮ್ಮಂದಿರು ಮಾತಾಡಿ ನಾಲ್ಕು ವರ್ಷವಾಗಿತ್ತು. ಊರಲ್ಲಿ ಇಬ್ಬರ ಮನೆಗೂ ನಡುವೆ ಮೂರು ಬಸ್‌ಸ್ಟಾಪು ಅಷ್ಟೆ. ಜಮೀನಿಗಾಗಿ, ಮನೆಗಾಗಿ ಆದ ಜಗಳವಲ್ಲ. ಅಮ್ಮನನ್ನು ವರ್ಷದಲ್ಲಿ ಆರು ತಿಂಗಳು ಅಣ್ಣ, ಆರು ತಿಂಗಳು ತಮ್ಮ ನೋಡಿಕೊಳ್ಳುವುದೆಂದು ಮಾತಾಗಿತ್ತು. ಆ ವರ್ಷ ಅಣ್ಣನ ಸರದಿ ಶುರುವಾಗಿದ್ದರೂ ಸರ್ವೇಯರು ಹತ್ತೇ ದಿನ ಸುತ್ತಿ ಬರುತ್ತೇನೆಂದು ಗಾಡಿ ತೆಗೆದುಕೊಂಡು ಹೊರಟಿದ್ದರು, ಹತ್ತು ಇಪ್ಪತ್ತಾಗಿತ್ತು. ಆ ನಡುವೆ ಅಮ್ಮ ತಮ್ಮನ ಮನೆಯಲ್ಲೇ ತೀರಿಕೊಂಡರು. ಇವರು ತಲುಪುವ ಹೊತ್ತಿಗೆ ಎಲ್ಲ ಮುಗಿದು ಮನೆ ತೊಳೆದಾಗಿತ್ತು. ಅಣೆಕಟ್ಟಿನ ಹಿನ್ನೀರಿನ ಹತ್ತಿರ ಇದ್ದೆವು, ಅಲ್ಲಿ ಸಿಗ್ನಲ್ ಇರಲಿಲ್ಲ, ಯಾವ ಕರೆಯೂ ಬರಲಿಲ್ಲ ಎಂದು ಸರ್ವೇಯರು ಹೇಳಿದ್ದರು. ತಮ್ಮ ಕೇಳಿಸಿಕೊಂಡ. ಅವತ್ತಿನಿಂದ ಅಣ್ಣನ ಜೊತೆ ಒಂದು ಮಾತೂ ಆಡಲಿಲ್ಲ. ಅತ್ತಿಗೆಯ ಜೊತೆ ಮಾತ್ರ ಎರಡು ಮೂರು ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದ.

ಸಿಗ್ನಲ್ ಇತ್ತು. ಅದು ಗೊತ್ತಿರುವುದು ತಮಗೊಬ್ಬರಿಗೇ ಎಂದು ಸರ್ವೇಯರು ನಂಬಿದ್ದರು. ಅವತ್ತು ಬೆಳಿಗ್ಗೆ ಹತ್ತು ನಲವತ್ತಕ್ಕೆ ಮೊದಲ ಕರೆ ಬಂದಾಗ ನರ್ಸಮ್ಮ ನೀರಿನ ಅಂಚಿಗೆ ಬಟ್ಟೆ ಒಗೆಯಲು ಹೋಗಿದ್ದರು. ಆಕೆಯ ಫೋನು ಹಿಂದಿನ ವಾರವಷ್ಟೇ ಬಕೆಟ್ಟಿಗೆ ಬಿದ್ದು ಹಾಳಾಗಿತ್ತು. ಡ್ಯಾಶ್‌ಬೋರ್ಡಿನ ಮೇಲೆ ತಮ್ಮನ ಹೆಸರು ಮಿನುಗುತ್ತಿತ್ತು. ಯಾವಾಗ ಬರ್ತೀಯ, ನಿನ್ನ ಸರದಿ ಅಲ್ವಾ ಎಂದು ಕೇಳಲು ಮಾಡುತ್ತಿದ್ದಾನೆ ಎಂದುಕೊಂಡರು ಸರ್ವೇಯರು. ಕರೆ ಮೇಲೆ ಕರೆ ಬರುತ್ತಲೇ ಇತ್ತು. ಅವರಿಗೆ ಸಿಟ್ಟು ಬಂತು. ಫೋನು ಆಫ್ ಮಾಡಿ ಸೀಟಿನ ಕೆಳಗೆ ತಳ್ಳಿದರು. ಹೆಂಡತಿ ಬಂದಾಗ ಇಲ್ಲಿ ಸಿಗ್ನಲ್ಲೇ ಇಲ್ಲ ಎಂದರು. ಎರಡು ದಿನ ಕಳೆದು, ಇನ್ನು ಹೊರಡೋಣ ಎಂದು ಫೋನು ಆನ್ ಮಾಡಿದಾಗ ಸಂದೇಶ ಕಾದಿತ್ತು.

ಜೀವಮಾನವೆಲ್ಲ ಅಡಿ, ಅಂಗುಲದ ಲೆಕ್ಕದಲ್ಲಿ ಬದುಕಿದ ಮನುಷ್ಯ. ಗಡಿಕಲ್ಲನ್ನು ಒಂದು ಗೇಣು ಆಚೆ ಇಡಲು ಯಾರು ಎಷ್ಟು ಒತ್ತಾಯಿಸಿದರೂ ಒಪ್ಪದವರು ಎಂದು ಕಚೇರಿಯಲ್ಲಿ ಹೆಸರಿತ್ತು. ಆ ಹೆಸರನ್ನು ಯಾರಾದರೂ ಎತ್ತಿದರೆ ಈಗ ಅವರು ಮಾತು ಬದಲಿಸುತ್ತಿದ್ದರು.

ಫೋನು ಮಾಡಲು ಅವರು ಒಪ್ಪಲಿಲ್ಲ. ಬೇರೆ ಮೆಕ್ಯಾನಿಕ್ ಹುಡುಕೋಣ, ಗಾಡಿಯನ್ನು ಲಾರಿ ಮೇಲೆ ಹೇರಿಸೋಣ, ಇಲ್ಲೇ ಮಾರಿಬಿಡೋಣ ಎಂದೆಲ್ಲ ಹೇಳಿದರು. ನರ್ಸಮ್ಮ ಕೇಳುವಷ್ಟು ಕೇಳಿ, ಕೊನೆಗೆ ಎದ್ದು ಹೋಗಿ ತಾವೇ ನಂಬರು ಒತ್ತಿ, ಎರಡು ಮಾತಲ್ಲಿ ವಿಷಯ ತಿಳಿಸಿ, ಫೋನನ್ನು ಯಜಮಾನಿಯ ಕೈಗೆ ಕೊಟ್ಟರು. ಅತ್ತಿಗೆ ಹುಷಾರಾಗಿದ್ದಾರೆಯೇ ಎಂದು ತಮ್ಮ ಮೊದಲು ಕೇಳಿದನಂತೆ. ಆಮೇಲೆ ಮುಕ್ಕಾಲು ಗಂಟೆ ಎಂಜಿನ್ನಿನ ಮಾತೇ. ಯಜಮಾನಿ ಕನ್ನಡಕ ಏರಿಸಿ, ಸ್ಕೇಲು ಹಿಡಿದು, ಅವನು ಕೇಳಿದ ಅಳತೆಯನ್ನೆಲ್ಲ ಒಂದೊಂದಾಗಿ ಓದಿ ಹೇಳಿದಳು. ಮಾತು ಮುಗಿಸಿ ಬಂದಾಗ ಅವಳ ಮುಖದಲ್ಲಿ ಒಂದು ಥರದ ಗೌರವವಿತ್ತು. ತಾಮ್ರದ ಗ್ಯಾಸ್ಕೆಟ್ ಅವರೇ ಕತ್ತರಿಸಿ ತರುತ್ತಾರಂತೆ, ಹೇಳಿಕೊಟ್ಟರೆ ಆಗುವ ಕೆಲಸವಲ್ಲವಂತೆ, ಬಸ್ಸು ಹಿಡಿದು ಬರುತ್ತಾರಂತೆ ಎಂದಳು. ಅಣ್ಣನ ಬಗ್ಗೆ ಅವನು ಏನಾದರೂ ಕೇಳಿದನೇ ಎಂದು ಸರ್ವೇಯರು ಕೇಳಲಿಲ್ಲ. ಅವಳು ಹೇಳಲೂ ಇಲ್ಲ.

ಫೋನು ಮಾಡಿದ ಮೂರನೆಯ ದಿನ ಮಧ್ಯಾಹ್ನ ಅವನು ಬಂದ. ಐವತ್ತೆಂಟರ ಗಟ್ಟಿ ಆಳು. ತಲೆ ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ಹೆಗಲಲ್ಲಿ ಕ್ಯಾನ್ವಾಸ್ ಚೀಲ, ಕಂಕುಳಲ್ಲಿ ಎರಡು ಪ್ಲೈವುಡ್ ಹಲಗೆಗಳ ನಡುವೆ ಹಗ್ಗದಿಂದ ಬಿಗಿದು ಕಟ್ಟಿದ ಗ್ಯಾಸ್ಕೆಟ್ಟು. ಬಗ್ಗಿದರೆ ಹಾಳಾಗುತ್ತದೆಂದು ಅಷ್ಟೂ ದಾರಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದನಂತೆ. ಅತ್ತಿಗೆ, ಸೊರಗಿದ್ದೀರಿ ಎಂದ. ಯಜಮಾನಿಗೆ ಕೈ ಮುಗಿದ. ಅಣ್ಣನ ಎದುರಿಗೆ ಬಂದಾಗ ಅವನ ಕಣ್ಣು ಅಣ್ಣನ ಹೆಗಲಿನ ಮೇಲಿಂದ ಹಾದು ಗಾಡಿಯ ಮೇಲೆ ನಿಂತಿತು. ಚಹಾ ಕುಡಿದು ಲೋಟ ತೊಳೆದಿಟ್ಟು ನೇರ ಕೆಲಸಕ್ಕೆ ಇಳಿದ.

ಸರ್ವೇಯರು ಸುಮ್ಮನೆ ಕೂರಲಾರದೆ ಅವನ ಪಕ್ಕ ಹೋಗಿ ನಿಂತರು. ಅವನು ಬೇಡವೆನ್ನಲಿಲ್ಲ. ಆದರೆ ಅಣ್ಣ ಎಂದು ಕರೆಯದೆ, ನೀನು ಎನ್ನದೆ, ಯಾರಿಗೂ ಹೇಳದ ಹಾಗೆ ಹೇಳುವುದನ್ನು ಕಲಿತಿದ್ದ. ಹದಿನೇಳರ ಸ್ಪ್ಯಾನರ್ ಬೇಕಿತ್ತು ಎನ್ನುವನು. ಬೆಳಕು ಈ ಕಡೆ ಬಂದರೆ ಒಳ್ಳೆಯದು ಎನ್ನುವನು. ಸರ್ವೇಯರು ಸ್ಪ್ಯಾನರ್ ಕೊಡುವರು, ಬೆಳಕು ಹಿಡಿಯುವರು. ಕೈಗೆ ಕೈ ತಾಗದಂತೆ ಇಬ್ಬರೂ ಎಚ್ಚರ ವಹಿಸುತ್ತಿದ್ದರು. ಸಂಜೆ ಬಿಸಿಲು ಇಳಿಯುವ ತನಕ ಹೆಡ್ಡಿನ ತಳ ಸಪಾಟಾಗಲೆಂದು ಅದನ್ನು ಗಾಜಿನ ಮೇಲೆ ಇಟ್ಟು ಉಜ್ಜುವುದರಲ್ಲೇ ಹೋಯಿತು. ಯಜಮಾನಿ ತನ್ನ ಮನೆಯ ಜಗುಲಿಯಲ್ಲಿ ಅವನಿಗೆ ಹಾಸಿಗೆ ಕೊಟ್ಟಳು. ಗಾಡಿಯೊಳಗೆ ಜಾಗವಿದೆ ಎಂದು ನರ್ಸಮ್ಮ ಕರೆದರೂ ಅವನು ಬರಲಿಲ್ಲ.

ಮರುದಿನ ಬೆಳಿಗ್ಗೆ ಹೆಡ್ಡು ಕೂರಿಸುವ ಕೆಲಸ. ಅದಕ್ಕೆ ಮೊದಲು ತಮ್ಮ ಒಡೆದ ನೀರಿನ ಪೈಪನ್ನು ಕೈಗೆತ್ತಿಕೊಂಡು ಬಗ್ಗಿಸಿದ. ರಬ್ಬರು ಒಣಗಿದ ಕಟ್ಟಿಗೆಯ ಹಾಗೆ ಲಟಕ್ಕೆಂದಿತು.

"ನಾನೇ ಹಾಕಿದ್ದು," ಎಂದ ಯಜಮಾನಿಯ ಕಡೆ ತಿರುಗಿ. "ವರ್ಷಕ್ಕೊಂದ್ಸಲ ಗಾಡಿ ತಂದು ತೋರಿಸಬೇಕು, ಪೈಪು ಎರಡು ವರ್ಷಕ್ಕೆ ಬದಲಾಯಿಸಬೇಕು ಅಂತ ಅವತ್ತೇ ಹೇಳಿದ್ದೆ. ಆರು ವರ್ಷ ಆಗಿದೆ ಇದಕ್ಕೆ."

ಗಾಡಿಯ ಮೆಟ್ಟಿಲ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದ ನರ್ಸಮ್ಮನಿಗೆ ಅದು ಕೇಳಿಸಿತು. ಅವರು ಈಳಿಗೆ ಬದಿಗಿಟ್ಟರು. ಗಂಡನ ಪರ ವಹಿಸಿ ಮಾತಾಡುವುದು ಅವರಿಗೆ ನಾಲ್ಕು ವರ್ಷದಿಂದ ರೂಢಿಯಾಗಿತ್ತು.

"ಅವರಿಗೂ ತರಬೇಕು ಅಂತ ಮನಸ್ಸಿತ್ತಪ್ಪ," ಎಂದರು. "ಯಾವ ಮುಖ ಇಟ್ಕೊಂಡು ಬರೋದು ಅಂತ ಬರ್ಲಿಲ್ಲ. ಅಲ್ಲಿ ಸಿಗ್ನಲ್ ಇದ್ದಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ. ನಾನೇ ಇದ್ನಲ್ಲ ಜೊತೇಲಿ. ಎಷ್ಟು ಸಲ ಹೇಳ್ಲಿ ನಿಂಗೆ, ಒಂದು ಕರೆ ಬಂದಿದ್ರೂ ಅವತ್ತೇ ಹೊರಟು ಬರ್ತಿದ್ವಿ. ಬೇಕಾದ್ರೆ ನನ್ನ ಮೇಲೆ ಆಣೆ."

ತಮ್ಮನ ಕೈ ಒಂದು ಗಳಿಗೆ ನಿಂತಿತು. ಅವನು ತಲೆಯೆತ್ತಲಿಲ್ಲ. "ಆಯ್ತು ಅತ್ತಿಗೆ," ಎಂದು ಮೆಲ್ಲಗೆ ಹೇಳಿ ಪೈಪನ್ನು ಕಸದ ಡಬ್ಬಿಗೆ ಹಾಕಿದ.

ಆ ನಿಂತ ಕೈಯನ್ನು ಸರ್ವೇಯರು ನೋಡಿದರು. ಇವನಿಗೆ ಗೊತ್ತಿದೆ ಎಂಬುದು ಅವರಿಗೆ ಆ ಕ್ಷಣ ಹೊಳೆದುಹೋಯಿತು. ಅವರು ಅಲ್ಲಿಂದ ಎದ್ದು ಹೋಗಬಹುದಿತ್ತು. ನಾಲ್ಕು ವರ್ಷ ಎದ್ದು ಹೋದ ಹಾಗೆ ಇವತ್ತೂ ಕಾಟಾದ ತನಕ ನಡೆದು, ಒಂದು ಚಹಾ ಕುಡಿದು ಬರಬಹುದಿತ್ತು. ಆದರೆ ಮೆಟ್ಟಿಲ ಮೇಲೆ ಹೆಂಡತಿ ಇನ್ನೂ ಅದೇ ನಂಬಿಕೆಯ ಮುಖ ಹೊತ್ತು ಕೂತಿದ್ದರು, ಆಣೆ ಇಟ್ಟ ಕೈ ಇನ್ನೂ ಎದೆಯ ಮೇಲೇ ಇತ್ತು. ಅದನ್ನು ನೋಡುತ್ತ ನಿಲ್ಲಲು ಅವರಿಂದಾಗಲಿಲ್ಲ.

"ಸಿಗ್ನಲ್ ಇತ್ತು," ಎಂದರು.

ನೋಟ ನೆಲಕ್ಕೆ ಹಾಕಿ, ಕಚೇರಿಯಲ್ಲಿ ವರದಿ ಓದುವವರ ಹಾಗೆ ಒಂದೇ ಸ್ವರದಲ್ಲಿ ಉಳಿದದ್ದನ್ನೆಲ್ಲ ಹೇಳಿದರು: ಹತ್ತು ನಲವತ್ತು, ಡ್ಯಾಶ್‌ಬೋರ್ಡು, ತಮ್ಮನ ಹೆಸರು, ಸೀಟಿನ ಕೆಳಗೆ ತಳ್ಳಿದ್ದು. ಸರದಿ ಕೇಳೋಕೆ ಮಾಡ್ತಿದಾನೆ ಅಂದುಕೊಂಡೆ ಎನ್ನುವಾಗ ಮಾತ್ರ ಸ್ವರ ಜಾರಿತು. ಯಜಮಾನಿ ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿ ಕಾಟಾದ ಕಡೆ ನಡೆದಳು.

"ಗೊತ್ತು," ಎಂದ ತಮ್ಮ.

ನಾಲ್ಕು ವರ್ಷದ ನಂತರ ಅಣ್ಣನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

"ಏಳು ಸಲ ರಿಂಗ್ ಆಯ್ತು. ಎಂಟನೇ ಸಲ ಅರ್ಧಕ್ಕೇ ಕಟ್ ಆಯ್ತು. ಆಮೇಲೆ ಸ್ವಿಚ್ ಆಫ್. ಸಿಗ್ನಲ್ ಇಲ್ಲದ ಕಡೆ ಫೋನು ರಿಂಗ್ ಆಗುತ್ತಾ? ನಾನೇನು ಅಷ್ಟು ದಡ್ಡನಾ?" ಅವನು ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. "ಬಂದು ಹೇಳ್ತೀಯ ಅಂತ ಕಾದೆ. ತಪ್ಪಾಯ್ತು ಕಣೋ, ಎತ್ತಲಿಲ್ಲ ನಾನು ಅಂತ ಒಂದು ಮಾತು. ಬೈದು, ಅತ್ತು, ಮುಗಿಸಿಬಿಡ್ತಿದ್ದೆ. ನೀನು ನನ್ನ ಮನೇಲಿ ನಿಂತ್ಕೊಂಡು ಸಿಗ್ನಲ್ ಕಥೆ ಹೇಳಿದೆ. ಅತ್ತಿಗೆ ಪಾಪ ಅದನ್ನ ನಿಜ ಅಂತ ನಂಬಿ ಆಣೆ ಮಾಡಿದ್ರು. ಅವರ ಮುಂದೆ ಹೇಗೆ ಹೇಳ್ಲಿ ನಾನು?"

ಸರ್ವೇಯರು ಹೆಂಡತಿಯ ಕಡೆ ತಿರುಗಿದರು. ನರ್ಸಮ್ಮ ಅಳುತ್ತಿರಲಿಲ್ಲ. ಹೆಚ್ಚಿಟ್ಟ ತರಕಾರಿಯನ್ನು ಕೈಯಿಂದ ಒಂದು ಕಡೆಗೆ ಒತ್ತರಿಸುತ್ತಿದ್ದರು, ಮತ್ತೆ ಬಿಡಿಸುತ್ತಿದ್ದರು. ಎಷ್ಟೋ ಮನೆಯ ತಾಯಂದಿರ ಕೊನೆಯ ಉಸಿರಿನ ಹೊತ್ತಿಗೆ ಪಕ್ಕದಲ್ಲಿದ್ದು ತುಟಿಗೆ ನೀರು ಹನಿಸಿದ ಕೈ ಅದು.

"ನಾನು ಹೋಗ್ತಿದ್ದೆ ರೀ," ಎಂದರು ಕೊನೆಗೆ. "ನಿಮಗೆ ಹೋಗೋಕೆ ಮನಸ್ಸಿಲ್ಲದಿದ್ರೆ ಬೇಡ, ನನ್ನನ್ನ ಬಸ್ ಹತ್ತಿಸಿದ್ರೆ ಸಾಕಿತ್ತು. ಅತ್ತೆ ನನ್ನ ಕೈಯಲ್ಲಿ ಮಾತ್ರ ಔಷಧಿ ಕುಡೀತಿದ್ರು. ನಿಮಗೆ ಗೊತ್ತಿತ್ತು."

ಅಷ್ಟು ಹೇಳಿ ಗಾಡಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಣ್ಣತಮ್ಮ ಇಬ್ಬರೇ ಉಳಿದರು. ಎದುರಿಗೆ ಗುಮಾಸ್ತ ಯಾವುದೋ ಲಾರಿಯ ನಂಬರನ್ನು ಮೂರು ಮೂರು ಸಲ ಕೂಗುತ್ತಿದ್ದ. ತಮ್ಮ ಎದ್ದು ಗ್ಯಾಸ್ಕೆಟ್ ಕೂರಿಸಿ, ಹೆಡ್ಡು ಎತ್ತಲು ಒಂದು ಕಡೆ ಹಿಡಿದು ನಿಂತ. ಇನ್ನೊಂದು ಕಡೆಯನ್ನು ಸರ್ವೇಯರು ಹಿಡಿದರು. ಇಬ್ಬರೂ ಉಸಿರು ಬಿಗಿಹಿಡಿದು ಅದನ್ನು ನಿಧಾನವಾಗಿ ಇಳಿಸಿದರು. ತಮ್ಮ ಬೋಲ್ಟುಗಳನ್ನು ಬಿಗಿಯತೊಡಗಿದ. ಆರೇಳು ಆದ ಮೇಲೆ ಕೈ ನಿಲ್ಲಿಸಿ, ಯಾವುದರ ತನಕ ಬಂದೆ ಎಂಬ ಲೆಕ್ಕ ತಪ್ಪಿತು ಎಂದ. ಅಷ್ಟನ್ನೂ ಸಡಿಲಿಸಿ ಮತ್ತೆ ಮೊದಲಿಂದ ಶುರು ಮಾಡಿದ. ಈ ಸಲ ಸರ್ವೇಯರು ಪಕ್ಕದಲ್ಲಿ ನಿಂತು ಎಣಿಸಿದರು. ನಡುವಿನಿಂದ ಹೊರಕ್ಕೆ, ಎಡಕ್ಕೊಂದು ಬಲಕ್ಕೊಂದು, ಮೂರು ಸುತ್ತು.

ಸಂಜೆಯ ಹೊತ್ತಿಗೆ ಎಂಜಿನ್ ಕೂಗಿತು. ಮೊದಲು ಕೆಮ್ಮಿ, ಕಪ್ಪು ಹೊಗೆ ಉಗುಳಿ, ಆಮೇಲೆ ಸಮನಾಗಿ ಗುನುಗತೊಡಗಿತು. ಯಜಮಾನಿ ತನ್ನ ಅಪ್ಪನ ಕುರ್ಚಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದು ಆ ಸದ್ದು ಕೇಳಿಸಿದಳು. ಮುದುಕ ಕಿವಿಯ ಹಿಂದೆ ಕೈ ಇಟ್ಟು ಆಲಿಸಿ ತಲೆಯಾಡಿಸಿದ. ಖುಷಿಪಟ್ಟದ್ದು ಅವರಿಬ್ಬರೇ.

ಮರುದಿನ ಬೆಳಿಗ್ಗೆ ನರ್ಸಮ್ಮ ಚೀಲ ತುಂಬಿ ಕೆಳಗಿಳಿದರು. ತಾನು ಮೈದುನನ ಜೊತೆ ಬಸ್ಸಿನಲ್ಲಿ ಹೋಗುವುದಾಗಿ ಹೇಳಿದರು. ಸಿಟ್ಟಿನ ದನಿಯಲ್ಲ; ಡ್ಯೂಟಿ ಮುಗಿಸಿ ಹೊರಡುವವರು ಮುಂದಿನವರಿಗೆ ಹೇಳುವ ಹಾಗೆ, ಅಕ್ಕಿ ಯಾವ ಡಬ್ಬಿಯಲ್ಲಿದೆ, ರಕ್ತದೊತ್ತಡದ ಮಾತ್ರೆ ಎಲ್ಲಿದೆ ಎಂದೆಲ್ಲ ತಿಳಿಸಿದರು. ಎಷ್ಟು ದಿನಕ್ಕೆ ಎಂದು ಸರ್ವೇಯರಿಗೆ ಕೇಳಬೇಕೆನಿಸಿತು. ಕೇಳುವ ಧೈರ್ಯ ಬರಲಿಲ್ಲ.

ತಮ್ಮ ಮಾತ್ರ ಹೊರಡುವ ಮುಂಚೆ ಬಾನೆಟ್ ಎತ್ತಿ ಅವರನ್ನು ಪಕ್ಕಕ್ಕೆ ಕರೆದ. ಐನೂರು ಕಿಲೋಮೀಟರ್ ಆದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು, ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆ ಎದ್ದ ಕೂಡಲೇ. ಅದಕ್ಕೆ ಬೇಕಾದ ಉದ್ದ ಹಿಡಿಯ ಸ್ಪ್ಯಾನರನ್ನು ಯಜಮಾನಿ ಕೊಟ್ಟಿದ್ದಳು. ತಮ್ಮ ಅದನ್ನು ಅಣ್ಣನ ಕೈಗಿಟ್ಟು, ಒಂದು ಬೋಲ್ಟಿನ ಮೇಲೆ ಕೂರಿಸಿ, ಎಷ್ಟು ಬಲ ಹಾಕಬೇಕೆಂದು ಅವರ ಕೈಯ ಮೇಲೆ ತನ್ನ ಕೈ ಇಟ್ಟು ತೋರಿಸಿದ.

"ಐವತ್ತರ ಮೇಲೆ ಓಡಿಸ್ಬೇಡ," ಎಂದ. "ಮುಳ್ಳು ನಡುವಿನ ಗೆರೆ ದಾಟಿದ್ರೆ ನಿಲ್ಸು. ಆಮೇಲೆ ನೋಡೋಣ ಅನ್ಬೇಡ."

ಒಬ್ಬರೇ ಓಡಿಸಿದ ಆ ದಿನಗಳಲ್ಲಿ ಸರ್ವೇಯರು ಯಾರ ಜೊತೆಗೂ ಹತ್ತು ಮಾತಾಡಲಿಲ್ಲ. ಪಕ್ಕದ ಸೀಟು ಖಾಲಿಯಿತ್ತು. ಬ್ರೇಕು ಹಾಕಿದಾಗ ಬಲಗೈ ಸ್ಟೀರಿಂಗಿನ ಮೇಲಿದ್ದರೂ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿಕೊಳ್ಳುತ್ತಿತ್ತು, ಮುಂದಕ್ಕೆ ಬೀಳುವವರನ್ನು ತಡೆಯುವ ಹಾಗೆ. ಮಂಚದ ಅಡಿಯಲ್ಲಿ ಬಟಾಣಿ ಕಾಳುಗಳು ಇನ್ನೂ ಸಿಗುತ್ತಿದ್ದವು. ಒಂದು ಮಧ್ಯಾಹ್ನ ಅನ್ನಕ್ಕಿಟ್ಟು, ಅದು ತಳ ಹಿಡಿದರೂ ಗೊತ್ತಾಗದೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಹೆಂಡತಿಗೆ ದಿನಕ್ಕೊಂದು ಸಲ ಫೋನು ಮಾಡಿದರು. ಎಲ್ಲಿದ್ದೀರಿ, ಮಾತ್ರೆ ತಗೊಂಡ್ರಾ, ಸರಿ ಇಡ್ತೀನಿ. ಅಷ್ಟೇ ಮಾತು.

ಐನೂರ ಹನ್ನೆರಡನೆಯ ಕಿಲೋಮೀಟರಿನಲ್ಲಿ ಒಂದು ಮರದ ಕೆಳಗೆ ಗಾಡಿ ನಿಲ್ಲಿಸಿ, ಅಲ್ಲೇ ಮಲಗಿದ್ದು, ಬೆಳಿಗ್ಗೆ ಬಾನೆಟ್ ಎತ್ತಿದರು. ನಡುವಿನಿಂದ ಹೊರಕ್ಕೆ, ಎಡಕ್ಕೊಂದು ಬಲಕ್ಕೊಂದು. ನಾಲ್ಕು ಬೋಲ್ಟು ಕೂದಲೆಳೆಯಷ್ಟು ತಿರುಗಿದವು, ಉಳಿದವು ಅಲುಗಲಿಲ್ಲ. ಮುಗಿದಾಗ ಬೆವರಿನಲ್ಲಿ ತೊಯ್ದಿದ್ದರು. ತನ್ನ ಗಾಡಿಯ ಹೊಟ್ಟೆಯೊಳಗೆ ತಾನು ಕೈ ಹಾಕಿದ್ದು ಇದೇ ಮೊದಲು ಎಂಬುದು ಅವರಿಗೆ ಆಗ ಅರಿವಾಯಿತು. ಇಷ್ಟು ವರ್ಷ ಹೊರಗಿನ ಧೂಳು ಒರೆಸಿದ್ದಷ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ಮನೆ ಮುಟ್ಟಿದರು. ಬಾಗಿಲು ತೆರೆದ ನರ್ಸಮ್ಮ ಅವರನ್ನು ಒಳಗೆ ಬಿಟ್ಟು, ನೀರು ಕೊಟ್ಟು, ಊಟಕ್ಕೆ ಹಾಕಿದರು. ಮನೆಯಲ್ಲಿ ಎಲ್ಲ ಇದ್ದ ಹಾಗೇ ಇತ್ತು. ಕೋಣೆಯಲ್ಲಿ ಮಾತ್ರ ಆಕೆಯ ದಿಂಬು ಇರಲಿಲ್ಲ. ಅದು ಅಮ್ಮನಿದ್ದ ಚಿಕ್ಕ ಕೋಣೆಯ ಮಂಚಕ್ಕೆ ಹೋಗಿತ್ತು. ಸರ್ವೇಯರು ಅದನ್ನು ನೋಡಿದರು, ನೋಡಿದ್ದನ್ನು ಆಕೆಯೂ ನೋಡಿದರು.

"ಬರ್ತಾ ಬಸ್ಸಿನಲ್ಲಿ ನಿಮ್ಮ ತಮ್ಮನ್ನ ಕೇಳ್ದೆ," ಎಂದರು ತಟ್ಟೆ ಎತ್ತುತ್ತ. "ಆ ಎರಡು ದಿನ ಏನೇನಾಯ್ತು, ಅತ್ತೆ ಏನೇನ್ ಮಾತಾಡಿದ್ರು ಅಂತ. ನಾಲ್ಕು ವರ್ಷ ಯಾರೂ ಕೇಳಿಲ್ಲವಂತೆ ಅವನನ್ನ. ನೀವೂ ಹೋಗಿ ಕೇಳಿ. ನಾನು ಹೇಳೋಲ್ಲ, ಅವನ ಬಾಯಿಂದಾನೇ ಕೇಳಿ ಬನ್ನಿ. ಆಮೇಲೆ ನನ್ನ ಹತ್ರ ಮಾತಾಡಿ."

ಅವರು ಕೈ ತೊಳೆದು ಹಾಗೇ ಹೊರಟರು.

ತಮ್ಮನ ಶೆಡ್ಡು ಮನೆಯ ಹಿಂದೆ. ಅವನು ಯಾವುದೋ ಟ್ರ್ಯಾಕ್ಟರಿನ ಚಕ್ರ ಬಿಚ್ಚುತ್ತಿದ್ದವನು ಗಾಡಿಯ ಸದ್ದಿಗೆ ಎದ್ದು ಬಂದು, ಏನೂ ಕೇಳದೆ ಬಾನೆಟ್ ಎತ್ತಿ, ಎಣ್ಣೆಯ ಕಡ್ಡಿ ಎಳೆದು ನೋಡಿದ. ಎಣ್ಣೆ ಶುಭ್ರವಾಗಿತ್ತು. ಸರ್ವೇಯರು ಒಂದು ಡಬ್ಬಿಯನ್ನು ಎಳೆದುಕೊಂಡು ಅವನ ಎದುರಿಗೆ ಕೂತರು.

"ಅಮ್ಮಂಗೆ ಆ ಎರಡು ದಿನ ಹೇಗಿತ್ತು?" ಎಂದು ಕೇಳಿದರು. "ಎಲ್ಲ ಹೇಳು. ಏನೂ ಬಿಡ್ಬೇಡ."

ತಮ್ಮ ಕೈಯಲ್ಲಿದ್ದ ಕಡ್ಡಿಯನ್ನು ಒರೆಸಿದ. ಆಮೇಲೆ ಅದನ್ನು ವಾಪಸು ಇಟ್ಟು, ಮತ್ತೊಂದು ಡಬ್ಬಿಯ ಮೇಲೆ ಕೂತ. ಮೊದಲ ದಿನ ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಕುಸಿದದ್ದು, ಡಾಕ್ಟರು ಬಂದು ಇನ್ನು ಕರೆಸುವವರನ್ನು ಕರೆಸಿ ಎಂದದ್ದು, ತಾನು ಹೊರಗೆ ಬಂದು ಫೋನು ಹಿಡಿದು ನಿಂತದ್ದು, ಒಂದೊಂದಾಗಿ ಹೇಳಿದ. ಎರಡನೆಯ ದಿನ ಅಮ್ಮನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲವಂತೆ, ಕಿವಿ ಮಾತ್ರ ಚುರುಕಾಗಿತ್ತಂತೆ.

"ಬೀದೀಲಿ ಯಾವ ಗಾಡಿ ಸದ್ದಾದ್ರೂ, ಬಂದ್ನಾ ಅಂತ ಕೇಳೋಳು," ಎಂದ. "ದಾರೀಲಿದಾನೆ ಅಮ್ಮ, ಹತ್ರ ಬಂದಿದಾನೆ ಅಂತಿದ್ದೆ. ಕೊನೆಗೆ ನಾನೇ ಹೊರಗೆ ಹೋಗಿ ನನ್ನ ಜೀಪ್ ಸ್ಟಾರ್ಟ್ ಮಾಡಿ, ಒಳಗೆ ಬಂದು, ಬಂದ ಅಮ್ಮ, ಕೈಕಾಲು ತೊಳೀತಿದಾನೆ ಅಂದೆ. ಸರಿ, ಊಟಕ್ಕೆ ಹಾಕು ಅಂದ್ಲು. ಆಮೇಲೆ ಮಾತಾಡ್ಲಿಲ್ಲ."

ಸರ್ವೇಯರು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡರು. ಅವರ ಹೆಗಲು ಅಲುಗುತ್ತಿದ್ದವು. ತಮ್ಮ ಹತ್ತಿರ ಬರಲಿಲ್ಲ, ಎದ್ದೂ ಹೋಗಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಯಾರೋ ಗಿರಾಕಿ ಇಣುಕಿದಾಗ, ನಾಳೆ ಬನ್ನಿ ಎಂದು ಕೈಯಲ್ಲೇ ಸನ್ನೆ ಮಾಡಿ ಕಳಿಸಿದ.

ತುಂಬ ಹೊತ್ತಿನ ಮೇಲೆ ಸರ್ವೇಯರು ಮುಖ ಒರೆಸಿಕೊಂಡು ಎದ್ದರು. ಕ್ಷಮಿಸು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದರು. ಈಗ ಆ ಮಾತು ಬಹಳ ಚಿಕ್ಕದೆನಿಸಿತು. ತಮ್ಮ ಗಾಡಿಯ ಕೆಳಗೆ ಬಗ್ಗಿ ನೋಡುತ್ತ, ಹಿಂದಿನ ಪೈಪೂ ಒಣಗಿದೆ, ಅದನ್ನೂ ಬದಲಾಯಿಸಬೇಕು, ನಾಲ್ಕು ದಿನ ಗಾಡಿ ಇಲ್ಲೇ ಇರಲಿ ಎಂದ. ಸರ್ವೇಯರು ಕೀಲಿಕೈಯನ್ನು ಬೆಂಚಿನ ಮೇಲೆ ಇಟ್ಟರು.

"ನಾಳೆ ಬರ್ಲಾ?" ಎಂದು ಕೇಳಿದರು. "ಬೆಳಕು ಹಿಡಿಯೋಕೆ."

"ಬಾ," ಎಂದ ತಮ್ಮ. ಮುಖ ಗಾಡಿಯ ಅಡಿಯಲ್ಲೇ ಇತ್ತು.

ಸರ್ವೇಯರು ಬಸ್ಸಿಗೆ ಕಾಯದೆ ಮೂರು ಸ್ಟಾಪುಗಳನ್ನೂ ನಡೆದೇ ಮನೆಗೆ ಬಂದರು. ನರ್ಸಮ್ಮ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಕೇಳಿ ಬಂದಿರಾ ಎಂದು ಕೇಳಲಿಲ್ಲ. ಗಂಡನ ಕಣ್ಣು ನೋಡಿ, ಕಟ್ಟೆಯ ಮೇಲೆ ಸ್ವಲ್ಪ ಆಚೆ ಸರಿದು ಕೂತರು. ಅವರು ಆ ಜಾಗದಲ್ಲಿ ಕೂತರು. ಚಿಕ್ಕ ಕೋಣೆಯ ಮಂಚದ ಮೇಲಿನ ದಿಂಬು ಇನ್ನೂ ಎರಡು ತಿಂಗಳು ಅಲ್ಲೇ ಇತ್ತು.